ಗೀಳುರೋಗವೂ ನಮ್ಮ ಹೋಟೆಲು ಬಂಧುಗಳೂ

ಶಸ್ತ್ರಚಿಕಿತ್ಸೆಯಲ್ಲಿ ಹೆಸರು ಪಡೆದ ವೈದ್ಯನನ್ನು ಸಮಾಜವು ಬಹು ಬೇಗ ಗುರುತಿಸುತ್ತದೆ. ಎದೆಯನ್ನು ಬಿಚ್ಚಿ ಹೊಲಿದವನ ಕೈಗುಣವನ್ನು ಜನರು ಬಾಯ್ತುಂಬ ಕೊಂಡಾಡುತ್ತಾರೆ. ಕಣ್ಣಿನ ಪೊರೆ ತೆಗೆದವನಿಗೆ ಊರಿಗೆ ಊರೇ ಕೈಮುಗಿಯುತ್ತದೆ. ಇದು ಯುಕ್ತವೇ ಸರಿ. ಆದರೆ ಮನುಷ್ಯನ ಮನಸ್ಸಿನೊಳಗೆ ಹೊಕ್ಕು ಕುಳಿತ ಒಂದು ಸಂಶಯದ ಬೆನ್ನು ಹತ್ತಿ, ದಶಕಗಳ ಕಾಲ ಅದನ್ನೇ ಅಭ್ಯಸಿಸಿ, ಅದರ ಚಿಕಿತ್ಸೆಗೊಂದು ಕ್ರಮವನ್ನು ಬರೆದಿಟ್ಟ ವೈದ್ಯರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅಂತಹ ಕೆಲಸವು ಕನ್ನಡ ನಾಡಿನ ರಾಜಧಾನಿಯಲ್ಲಿಯೇ ನಡೆದಿದೆ. ಆದರೆ ಅದರ ಫಲವು ನಾಸಿಕದ ಹೋಟೆಲಿನ ಅಡುಗೆಮನೆಗೂ ಸಂಭಾಜಿನಗರದ ಕಚೇರಿಯ ಗುಮಾಸ್ತನ ಮೇಜಿಗೂ ಇನ್ನೂ ಸರಿಯಾಗಿ ಬಂದು ಮುಟ್ಟಿಲ್ಲ. ಮುಟ್ಟಿಸುವುದು ಯಾರ ಹೊಣೆ ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹರಡಿತ್ತೆಂಬುದಕ್ಕೆ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಸಾಕ್ಷಿ. ಎಲ್ಲೋರದ ಕೈಲಾಸ ದೇವಾಲಯವು ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಕೃತಿ. ಸಂಭಾಜಿನಗರ ಜಿಲ್ಲೆಯ ಒಂದು ತಾಲೂಕಿಗೆ ಇಂದಿಗೂ ‘ಕನ್ನಡ’ ಎಂದೇ ಹೆಸರು. ರಾಜ್ಯೋತ್ಸವದ ಸಭೆಗಳಲ್ಲಿ ಈ ಹಿರಿಮೆಯನ್ನು ಹೇಳಿಕೊಳ್ಳುವುದರಲ್ಲಿ ನಾವು ಯಾರಿಗೂ ಹಿಂದೆ ಬಿದ್ದವರಲ್ಲ. ಆದರೆ ಅದೇ ಗೋದಾವರಿಯ ದಡದಲ್ಲಿ ತಟ್ಟೆ ತೊಳೆಯುವ ಕುಂದಾಪುರದ ಹುಡುಗನೊಬ್ಬನ ಮನಸ್ಸು ಕೆಟ್ಟರೆ, ಅವನು ಯಾರ ಮುಂದೆ, ಯಾವ ಭಾಷೆಯಲ್ಲಿ ಅದನ್ನು ಹೇಳಿಕೊಳ್ಳಬೇಕು? ಈ ಪ್ರಶ್ನೆಗೆ ನಮ್ಮ ಸಭೆಗಳಲ್ಲಿ ಉತ್ತರ ದೊರೆಯುವುದಿಲ್ಲ. ಪ್ರಶ್ನೆಯನ್ನು ಎತ್ತಿದವರೂ ವಿರಳ.

ರೋಗದ ಸ್ವರೂಪ

ಈ ರೋಗಕ್ಕೆ ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿದ ‘ಓಸಿಡಿ’ ಎಂಬ ಹೆಸರು ರೂಢಿಯಾಗಿದೆ. ಕನ್ನಡದಲ್ಲಿ ಬರೆಯುವ ವೈದ್ಯರು ಇದನ್ನು ಗೀಳು ಮನೋರೋಗವೆನ್ನುತ್ತಾರೆ. ನಾವು ಗೀಳುರೋಗವೆಂದು ಕರೆಯೋಣ. ಇದಕ್ಕೆ ಎರಡು ಅಂಗಗಳು. ಮೊದಲನೆಯದು, ಬೇಡವೆಂದರೂ ಮತ್ತೆ ಮತ್ತೆ ಮನಸ್ಸಿಗೆ ನುಗ್ಗುವ ಯೋಚನೆ: ಕೈಗೆ ಕೊಳೆ ಅಂಟಿದೆ, ಬೀಗ ಹಾಕಿಲ್ಲ, ಲೆಕ್ಕ ತಪ್ಪಿದೆ, ನನ್ನಿಂದ ಯಾರಿಗೋ ಕೇಡಾಗಲಿದೆ ಎಂಬಂಥದು. ಎರಡನೆಯದು, ಆ ಯೋಚನೆಯಿಂದ ಹುಟ್ಟಿದ ತಳಮಳವನ್ನು ತಣಿಸಲು ಮಾಡಲೇಬೇಕೆನಿಸುವ ಕ್ರಿಯೆ: ತೊಳೆಯುವುದು, ನೋಡಿದ್ದನ್ನೇ ನೋಡುವುದು, ಎಣಿಸಿದ್ದನ್ನೇ ಎಣಿಸುವುದು, ಮನಸ್ಸಿನಲ್ಲಿಯೇ ಒಂದು ಮಾತನ್ನು ಇಷ್ಟು ಸಲವೆಂದು ಹೇಳಿಕೊಳ್ಳುವುದು. ಕ್ರಿಯೆ ಮುಗಿದೊಡನೆ ಕ್ಷಣಕಾಲ ಸಮಾಧಾನವಾಗುತ್ತದೆ. ಬಳಿಕ ಸಂಶಯವು ಮೊದಲಿಗಿಂತ ಬಲವಾಗಿ ತಲೆಯೆತ್ತುತ್ತದೆ. ಬಡ್ಡಿ ಕಟ್ಟಿದಷ್ಟೂ ಬೆಳೆಯುವ ಸಾಲದಂತೆ ಇದರ ನಡೆ.

ಇದರಲ್ಲಿ ಅತ್ಯಂತ ಕ್ರೂರವಾದ ಅಂಶವೊಂದುಂಟು. ಬಹುಮಟ್ಟಿನ ರೋಗಿಗಳಿಗೆ ತಮ್ಮ ಯೋಚನೆಯು ಅರ್ಥವಿಲ್ಲದ್ದೆಂದು ಗೊತ್ತಿರುತ್ತದೆ. ಬುದ್ಧಿಗೆ ಭ್ರಮಣೆಯಿಲ್ಲ, ಮಾತು ನೆಟ್ಟಗಿದೆ, ಕೆಲಸ ಬಲ್ಲವನು. ಆದರೂ ಕೈ ನಲ್ಲಿಯ ಕೆಳಗಿಂದ ಬರುವುದಿಲ್ಲ. ಆದುದರಿಂದಲೇ ಅವನು ನಾಚಿಕೆಯಿಂದ ಅದನ್ನು ಬಚ್ಚಿಡುತ್ತಾನೆ. ಬಚ್ಚಿಟ್ಟಷ್ಟು ಕಾಲವೂ ರೋಗ ಬೇರು ಬಿಡುತ್ತದೆ. ಸಾಮಾನ್ಯವಾಗಿ ಇದು ಹದಿವಯಸ್ಸಿನಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ತೊಡಗುತ್ತದೆ. ಅಂದರೆ, ನಮ್ಮ ಹುಡುಗರು ಊರು ಬಿಟ್ಟು ಹೋಟೆಲು ಸೇರುವ ವಯಸ್ಸೂ ಈ ರೋಗವು ಕಾಲಿಡುವ ವಯಸ್ಸೂ ಒಂದೇ.

ಇದು ಹೊಸ ರೋಗವಲ್ಲ, ಪೇಟೆಯ ನಾಗರಿಕತೆಯು ತಂದಿತ್ತ ಜಾಡ್ಯವೂ ಅಲ್ಲ. ಫ್ರಾನ್ಸಿನ ಎಸ್ಕಿರೋಲ್ ಎಂಬ ವೈದ್ಯನು 1838ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವ್ಯಾಪಾರದಲ್ಲಿ ತೊಡಗಿದ್ದ ಮೂವತ್ತನಾಲ್ಕು ವರ್ಷದ ಹೆಣ್ಣುಮಗಳೊಬ್ಬಳ ವೃತ್ತಾಂತವಿದೆ. ಚಿಕ್ಕಮ್ಮನ ಮನೆಯಿಂದ ಹೊರಡುವಾಗ ತನ್ನ ಜೇಬಿನಲ್ಲಿ ಅವಳ ವಸ್ತುವೇನಾದರೂ ಬಂದುಬಿಟ್ಟಿತೋ ಎಂಬ ಶಂಕೆಯಿಂದ ಅವಳ ರೋಗ ಮೊದಲಾಯಿತು. ಲೆಕ್ಕ ಬರೆಯುವಾಗ ಅಂಕೆ ತಪ್ಪಿತೋ, ಚಿಲ್ಲರೆ ಕೊಡುವಾಗ ಬೆಲೆಯುಳ್ಳದ್ದೇನೋ ಬೆರಳಿಗೆ ಅಂಟಿಕೊಂಡಿತೋ ಎಂದು ಆಕೆ ಬಳಲಿದಳು. ತನ್ನ ಅಂಜಿಕೆಯು ಹುರುಳಿಲ್ಲದ್ದೆಂದು ಆಕೆಗೇ ಗೊತ್ತಿತ್ತು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ದಿನದ ವಸೂಲಿಯನ್ನು ಹತ್ತು ಸಲ ಎಣಿಸಿ, ಹನ್ನೊಂದನೆಯ ಸಲಕ್ಕೂ ನಂಬಿಕೆ ಬಾರದೆ ಬೆವರುವ ನಮ್ಮವನೊಬ್ಬನಿಗೆ ಈ ಕಥೆಯನ್ನು ಓದಿ ಹೇಳಿದರೆ, ಪ್ಯಾರಿಸಿನ ಆ ಹೆಣ್ಣುಮಗಳು ಒಡಹುಟ್ಟಿದ ಅಕ್ಕನಂತೆ ತೋರದಿರಳು.

ಮಡಿಯೂ ಗೀಳೂ ಒಂದೇ ಅಲ್ಲ

ನಮ್ಮ ಜನರಲ್ಲಿ ಈ ರೋಗವು ಬೇಗ ಬಯಲಿಗೆ ಬರದಿರುವುದಕ್ಕೆ ಇನ್ನೊಂದು ಕಾರಣವುಂಟು. ಮಡಿ, ಮೈಲಿಗೆ, ಎಂಜಲುಗಳ ಎಣಿಕೆಯಲ್ಲಿ ಬೆಳೆದವರು ನಾವು. ಹೋಟೆಲಿನ ಉದ್ಯೋಗವು ನಿಂತಿರುವುದೇ ಶುಚಿತ್ವದ ಮೇಲೆ. ಮೇಜನ್ನು ಎರಡು ಸಲ ಒರೆಸುವ ಹುಡುಗನನ್ನು ಯಜಮಾನರು ಮೆಚ್ಚುತ್ತಾರೆ. ಖಾತೆಯನ್ನು ಮೂರು ಸಲ ತಾಳೆ ನೋಡುವ ಗುಮಾಸ್ತನನ್ನು ನಂಬಿಗಸ್ತನೆನ್ನುತ್ತಾರೆ. ಆದ್ದರಿಂದ ರೋಗವು ಬಹುಕಾಲ ಸದ್ಗುಣದ ವೇಷದಲ್ಲಿಯೇ ಓಡಾಡಿಕೊಂಡಿರುತ್ತದೆ.

ಇವೆರಡನ್ನೂ ಬೇರ್ಪಡಿಸುವುದು ಹೇಗೆ? ನಾಸಿಕದ ರಾಮಕುಂಡದಲ್ಲಿ ಮುಳುಗಿ ಎದ್ದ ಯಾತ್ರಿಕನನ್ನು ನೋಡಿರಿ. ಅವನ ಸ್ನಾನಕ್ಕೊಂದು ಮೊದಲಿದೆ, ಒಂದು ಕೊನೆಯಿದೆ. ದಡ ಸೇರಿದ ಮೇಲೆ ಅವನ ಮನಸ್ಸು ಹಗುರಾಗುತ್ತದೆ, ಅವನು ತನ್ನ ಊರಿಗೆ ಹೊರಡುತ್ತಾನೆ. ಆಚಾರಕ್ಕೆ ಮುಗಿತಾಯವುಂಟು, ಗೀಳಿಗೆ ಮುಗಿತಾಯವಿಲ್ಲ. ಆಚಾರವನ್ನು ಮನುಷ್ಯನು ನಡೆಸುತ್ತಾನೆ. ಗೀಳು ಮನುಷ್ಯನನ್ನು ನಡೆಸುತ್ತದೆ. ವೈದ್ಯರು ಸ್ಥೂಲವಾಗಿ ಇಟ್ಟುಕೊಂಡಿರುವ ಅಳತೆ ಹೀಗಿದೆ: ಇಂಥ ಯೋಚನೆ ಮತ್ತು ಕ್ರಿಯೆಗಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತನ್ನು ತಿನ್ನುತ್ತಿದ್ದರೆ, ಅಥವಾ ತೀವ್ರ ಸಂಕಟವನ್ನು ಉಂಟುಮಾಡಿ ಉದ್ಯೋಗಕ್ಕೂ ಸಂಸಾರಕ್ಕೂ ಅಡ್ಡಿಯಾಗುತ್ತಿದ್ದರೆ, ಅದು ಗುಣವಲ್ಲ, ಸ್ವಭಾವವಲ್ಲ, ಚಿಕಿತ್ಸೆಗೆ ಅರ್ಹವಾದ ರೋಗ.

ಕೊಳೆಯ ಭಯವು ಹೊರಗೆ ಕಾಣುವಂಥದು. ಕಾಣದ ಇನ್ನೊಂದು ಬಗೆ ಇದಕ್ಕಿಂತ ಘೋರ. ದೇವರ ಮುಂದೆ ಕೈಮುಗಿದು ನಿಂತಾಗಲೇ ದೇವರನ್ನು ಕುರಿತು ಹೇಸಿಗೆಯ ಮಾತು ಮನಸ್ಸಿನಲ್ಲಿ ಏಳುವುದು. ಕೂಸನ್ನು ಎತ್ತಿಕೊಂಡಾಗ ಅದಕ್ಕೆ ಕೇಡು ಮಾಡಿಬಿಡುವೆನೋ ಎಂಬ ಚಿತ್ರ ಕಣ್ಣ ಮುಂದೆ ಬರುವುದು. ತರಕಾರಿ ಹೆಚ್ಚುವ ಕತ್ತಿಯನ್ನು ಕಂಡರೆ ಕೈ ನಡುಗುವುದು. ಇಂಥವನು ತಾನು ಪಾಪಿಯೆಂದೇ ತೀರ್ಮಾನಿಸಿಬಿಡುತ್ತಾನೆ. ಆದರೆ ಆ ಯೋಚನೆಯನ್ನು ಕಂಡು ಅವನೇ ಹೇಸಿ ನಡುಗುತ್ತಾನೆಂಬುದೇ ಅದು ಅವನ ಇಚ್ಛೆಯಲ್ಲವೆಂಬುದಕ್ಕೆ ಸಾಕ್ಷಿ. ಇದನ್ನು ಅವನಿಗೆ ಹೇಳುವವರು ಯಾರೂ ಇಲ್ಲದಿದ್ದರೆ, ಊರಿನಿಂದ ಉಪದ್ರದ ಮಾತು ಬರುತ್ತದೆ, ಮಾಟವೆಂದಾಗುತ್ತದೆ, ಜೋಯಿಸರ ಬಳಿ ಹೋಗುವುದು, ನೂಲು ಕಟ್ಟಿಸುವುದು ಎಲ್ಲವೂ ನಡೆಯುತ್ತವೆ. ದೈವದಲ್ಲಿ ನಂಬಿಕೆಯಿಡಬಾರದೆಂದು ನಾವು ಹೇಳುವುದಿಲ್ಲ. ಕಾಲು ಮುರಿದಾಗ ಹರಕೆಯನ್ನೂ ಹೊರುತ್ತೇವೆ, ಆಸ್ಪತ್ರೆಗೂ ಹೋಗುತ್ತೇವೆ. ಮನಸ್ಸಿನ ವಿಷಯದಲ್ಲಿಯೂ ಅಷ್ಟು ವಿವೇಕ ಸಾಕು.

ಒಂದು ರೋಗಕ್ಕೆ ಮುಡಿಪಾದ ದುಡಿಮೆ

ಅರುವತ್ತು ವರ್ಷಗಳ ಹಿಂದೆ ಈ ರೋಗಕ್ಕೆ ಮದ್ದಿಲ್ಲವೆಂಬ ಭಾವನೆಯೇ ವೈದ್ಯರಲ್ಲಿಯೂ ಬಲವಾಗಿತ್ತು. ಫ್ರಾಯ್ಡನು 1909ರಲ್ಲಿ ಇಂಥ ರೋಗಿಯೊಬ್ಬನ ಪ್ರಸಿದ್ಧ ವೃತ್ತಾಂತವನ್ನು ಪ್ರಕಟಿಸಿದ್ದನಾದರೂ, ಅವನ ಮಾರ್ಗದಿಂದ ಸಾಮಾನ್ಯ ರೋಗಿಗಳಿಗೆ ದೊರೆತ ಉಪಶಮನ ಅಲ್ಪವೇ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞನು ಇಬ್ಬರು ರೋಗಿಗಳ ಚಿಕಿತ್ಸೆಯನ್ನು ವರದಿ ಮಾಡಿದನು. ರೋಗಿಯು ಯಾವುದಕ್ಕೆ ಅಂಜುತ್ತಾನೋ ಅದನ್ನೇ ಮುಟ್ಟಿಸುವುದು. ಮುಟ್ಟಿದ ಮೇಲೆ ತೊಳೆಯಗೊಡದಿರುವುದು. ತಳಮಳವು ತಾನಾಗಿ ಏರಿ ತಾನಾಗಿ ಇಳಿಯುವುದನ್ನು ಅವನೇ ಅನುಭವಿಸುವಂತೆ ಮಾಡುವುದು. ಕೇಳಲು ಸುಲಭ, ಮಾಡಲು ಕಷ್ಟ. ಆದರೆ ಫಲ ನಿಶ್ಚಿತವಾಗಿ ಕಂಡಿತು. ಅದೇ ದಶಕದಲ್ಲಿ ಕ್ಲೊಮಿಪ್ರಮಿನ್ ಎಂಬ ಔಷಧವು ಈ ರೋಗಕ್ಕೆ ಒದಗುವುದೆಂದು ಯುರೋಪಿನ ವೈದ್ಯರು ಕಂಡುಕೊಂಡರು. 1989ರಲ್ಲಿ ಅಮೆರಿಕದ ಸರಕಾರವೂ ಅದನ್ನು ಮಾನ್ಯಮಾಡಿತು. ರೋಗದ ತೀವ್ರತೆಯನ್ನು ನಲವತ್ತು ಅಂಕಗಳಲ್ಲಿ ಅಳೆಯುವ ಯೇಲ್-ಬ್ರೌನ್ ಮಾಪಕವು ಪ್ರಕಟವಾದುದೂ ಅದೇ ವರ್ಷ. ಅಳೆಯಲು ಸಾಧ್ಯವಾದ ಮೇಲೆ ಗುಣವಾಯಿತೋ ಇಲ್ಲವೋ ಎಂಬುದನ್ನು ಹೇಳಲೂ ಸಾಧ್ಯವಾಯಿತು.

ನಮ್ಮ ದೇಶವು ಈ ಕಾರ್ಯದಲ್ಲಿ ಕೈಕಟ್ಟಿ ಕುಳಿತಿರಲಿಲ್ಲ. 1975ರಲ್ಲಿ ಚಂಡೀಗಢದ ವೈದ್ಯರು 82 ರೋಗಿಗಳ ಲಕ್ಷಣಗಳನ್ನು ಬಿಡಿಸಿ ನೋಡಿ ಬರೆದ ಪ್ರಬಂಧವು ಇಂದಿಗೂ ಉಲ್ಲೇಖಗೊಳ್ಳುತ್ತದೆ. ಬೆಂಗಳೂರಿನಲ್ಲಿ 1847ರಷ್ಟು ಹಿಂದೆಯೇ ಆರಂಭವಾದ ಹುಚ್ಚರ ಆಸ್ಪತ್ರೆಯು ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯಾಗಿ, 1954ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನಿರ್ದೇಶಕತ್ವದಲ್ಲಿ ಅಖಿಲ ಭಾರತ ಸಂಸ್ಥೆಗೆ ನೆಲೆಯಾಗಿ, 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿ ಡಾ. ಸುಮಂತ ಖನ್ನಾ ಅವರು 1980ರ ಮತ್ತು 1990ರ ದಶಕಗಳಲ್ಲಿ ಗೀಳುರೋಗದ ಅಭ್ಯಾಸಕ್ಕೆ ತಳಹದಿ ಹಾಕಿದರು. ಅದರ ಮೇಲೆ ಕಟ್ಟಡವನ್ನೆಬ್ಬಿಸಿದವರಲ್ಲಿ ಪ್ರಮುಖರು ಪ್ರಾಧ್ಯಾಪಕ ಡಾ. ವೈ. ಸಿ. ಜನಾರ್ದನ ರೆಡ್ಡಿಯವರು.

ಜನಾರ್ದನ ರೆಡ್ಡಿಯವರ ವೃತ್ತಿಜೀವನದಲ್ಲಿ ಕಥೆಗಾರರು ಬಯಸುವಂಥ ರೋಮಾಂಚಕ ಘಟನೆಗಳನ್ನು ಹುಡುಕಬೇಕಾದುದಿಲ್ಲ. ಒಂದು ವಿಶೇಷ ಚಿಕಿತ್ಸಾಲಯ, ಅದರಲ್ಲಿ ಒಬ್ಬನ ಹಿಂದೊಬ್ಬ ರೋಗಿ, ಒಬ್ಬೊಬ್ಬನದೂ ಗಂಟೆಗಟ್ಟಲೆ ಕೇಳಬೇಕಾದ ಕಥೆ. ಕೇಳಿದ್ದನ್ನು ಬರೆದಿಡುವುದು, ವರ್ಷಗಳ ನಂತರ ಅದೇ ರೋಗಿಯನ್ನು ಹುಡುಕಿ ಈಗ ಹೇಗಿದ್ದೀಯೆಂದು ವಿಚಾರಿಸುವುದು. ಬಾಲ್ಯದಲ್ಲಿಯೇ ಈ ರೋಗ ತಗಲಿದ ಮಕ್ಕಳನ್ನು ಹೀಗೆ ವರ್ಷಗಳ ಬಳಿಕ ಮರಳಿ ನೋಡಿ ಅವರು ಮತ್ತು ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನವು, ಚಿಕಿತ್ಸೆ ದೊರೆತ ಮಕ್ಕಳ ಭವಿಷ್ಯವು ಭಾವಿಸಿದ್ದಷ್ಟು ಕತ್ತಲೆಯದಲ್ಲವೆಂದು ತೋರಿಸಿತು. 2017ರಲ್ಲಿ ಭಾರತೀಯ ಮನೋವೈದ್ಯ ಸಂಘಕ್ಕಾಗಿ ಈ ರೋಗದ ಚಿಕಿತ್ಸಾ ಮಾರ್ಗಸೂಚಿಯನ್ನು ಸಿದ್ಧಪಡಿಸಿದ ತಂಡದ ಮುಂದಾಳೂ ಅವರೇ. ಭಾರತ, ಅಮೆರಿಕ, ಬ್ರೆಜಿಲ್, ನೆದರ್ಲೆಂಡ್ಸ್, ದಕ್ಷಿಣ ಆಫ್ರಿಕ ಎಂಬ ಐದು ದೇಶಗಳು ಕೂಡಿ ಗೀಳುರೋಗಿಗಳ ಮೆದುಳಿನಲ್ಲಿ ಸಮಾನವಾದ ಗುರುತುಗಳಿವೆಯೇ ಎಂದು ಶೋಧಿಸಲು ಕೈಗೊಂಡ ಮಹಾಯತ್ನದಲ್ಲಿ ಭಾರತದ ಪಾಲು ನಡೆದುದು ನಿಮ್ಹಾನ್ಸಿನಲ್ಲಿ. ನಮ್ಮ ಹುಡುಗನ ರೋಗವೂ ನ್ಯೂಯಾರ್ಕಿನವನ ರೋಗವೂ ಒಂದೇ ಎಂಬ ಮಾತನ್ನು ಹೀಗೆ ಮೆದುಳಿನ ಚಿತ್ರಗಳಲ್ಲಿಯೇ ಪರೀಕ್ಷಿಸಿ ನೋಡುವ ಕಾಲ ಬಂದಿದೆ.

ಸಂಶೋಧನೆಯ ಬೆಲೆ ಯಾವುದೆಂದರೆ, ನಾವು ಊಹಿಸಿದ್ದನ್ನು ಅದು ಪರೀಕ್ಷೆಗೆ ಒಡ್ಡುತ್ತದೆ. 2020ರಲ್ಲಿ ಕೊರೊನಾ ಬಂದು ಲೋಕವೆಲ್ಲ ಕೈ ತೊಳೆಯತೊಡಗಿದಾಗ ಗೀಳುರೋಗಿಗಳ ಗತಿ ಮುಗಿಯಿತೆಂದು ಎಲ್ಲರೂ ಭಾವಿಸಿದರು. ಆದರೆ ನಿಮ್ಹಾನ್ಸಿನವರು ತಮ್ಮಲ್ಲಿ ಚಿಕಿತ್ಸೆಯಲ್ಲಿದ್ದ ರೋಗಿಗಳನ್ನು ವಿಚಾರಿಸಿ, ಹಿಂದಿನ ವರ್ಷದವರೊಡನೆ ಹೋಲಿಸಿ ನೋಡಲಾಗಿ, ಆ ಮೊದಲ ತಿಂಗಳುಗಳಲ್ಲಿ ರೋಗ ಮರುಕಳಿಸಿದವರ ಪ್ರಮಾಣವು ಗಮನಾರ್ಹವಾಗಿ ಏರಿರಲಿಲ್ಲ. ಚಿಕಿತ್ಸೆಯನ್ನು ಬಿಡದೆ ನಡೆಸಿಕೊಂಡು ಬಂದವರಿಗೆ ಇದೊಂದು ಧೈರ್ಯದ ಮಾತು.

ಒಂದು ಆಕ್ಷೇಪ

ಇಲ್ಲಿ ವಿಚಾರವಂತರು ಒಂದು ಆಕ್ಷೇಪವನ್ನು ಎತ್ತಬಹುದು. 2019ರ ಲೆಕ್ಕದಂತೆ ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯನೂ ಪೂರ್ತಿಯಾಗಿ ಇರಲಿಲ್ಲ, ಸರಾಸರಿ 0.75 ಮಾತ್ರ. ಇಂಥ ಬಡತನದಲ್ಲಿ ಒಬ್ಬ ವೈದ್ಯನು ಒಂದೇ ರೋಗಕ್ಕೆ ಜೀವಮಾನವನ್ನು ತೆರುವುದು ಐಷಾರಾಮವಲ್ಲವೇ? ಅವನು ಹಳ್ಳಿಗೆ ಹೋಗಿ ಎಲ್ಲ ರೋಗಗಳನ್ನೂ ನೋಡಬಾರದೇ?

ಆಕ್ಷೇಪದಲ್ಲಿ ತಥ್ಯವಿಲ್ಲದಿಲ್ಲ. ಆದರೆ ಅದಕ್ಕೆ ಉತ್ತರವುಂಟು. ಬಾವಿ ತೋಡುವವನು ಒಂದೇ ಕಡೆ ಅಗೆಯದಿದ್ದರೆ ನೀರು ಸಿಗದು. ಒಬ್ಬನು ಆಳಕ್ಕೆ ಇಳಿದು, ಯಾವ ಔಷಧವನ್ನು ಎಷ್ಟು ಪ್ರಮಾಣದಲ್ಲಿ, ಎಷ್ಟು ವಾರ ಕೊಡಬೇಕು, ಫಲ ಕಾಣದಿದ್ದರೆ ಮುಂದೇನು ಎಂಬುದನ್ನು ನಿಶ್ಚಯಿಸಿ ಬರೆದಿಟ್ಟುದರಿಂದಲೇ, ಇಂದು ಜಿಲ್ಲಾ ಆಸ್ಪತ್ರೆಯ ಸಾಮಾನ್ಯ ಮನೋವೈದ್ಯನು ಅದನ್ನು ನೋಡಿ ಚಿಕಿತ್ಸೆ ಮಾಡಬಲ್ಲನು. ಮಾನಸಿಕ ಚಿಕಿತ್ಸೆಯನ್ನು ಜಿಲ್ಲೆಗೆ ಒಯ್ಯುವ ದಾರಿಯನ್ನು ದೇಶಕ್ಕೆ ತೋರಿಸಿದುದೂ ಇದೇ ಸಂಸ್ಥೆಯೆಂಬುದನ್ನು ಮರೆಯಬಾರದು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆಳವೂ ಅಗಲವೂ ಒಂದಕ್ಕೊಂದು ವೈರಿಗಳಲ್ಲ.

ಹಾಗಾದರೆ ಕೊರತೆಯಿರುವುದು ಎಲ್ಲಿ? 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ಸಾವಿರ ವಯಸ್ಕರಲ್ಲಿ ಸುಮಾರು ಎಂಟು ಮಂದಿಗೆ ಈ ರೋಗವಿದೆ. ಸಮೀಕ್ಷೆ ನಡೆದ ಹನ್ನೆರಡು ರಾಜ್ಯಗಳಲ್ಲಿ ಮಹಾರಾಷ್ಟ್ರವಾಗಲಿ ಕರ್ನಾಟಕವಾಗಲಿ ಇರಲಿಲ್ಲವಾದರೂ, ಈ ಎರಡು ರಾಜ್ಯಗಳ ಜನರ ಮನಸ್ಸು ಬೇರೆಯ ಮಣ್ಣಿನಿಂದ ಆದುದಲ್ಲ. ನಾವಿರುವ ಊರಿನಲ್ಲಿ ಸಾವಿರ ಮಂದಿ ಕನ್ನಡಿಗರಿದ್ದರೆ ಏಳೆಂಟು ಮಂದಿ ಈ ಸಂಕಟದಲ್ಲಿರಬಹುದು. ಅವರು ಎಲ್ಲಿದ್ದಾರೆ? ಮನೋವೈದ್ಯರ ಮುಂದೆ ಅವರಲ್ಲಿ ಹೆಚ್ಚಿನವರು ಇಲ್ಲ. ಹೋಟೆಲಿನ ಅಟ್ಟದ ಮೇಲೆ ಹತ್ತು ಮಂದಿ ಒಂದೇ ಬಚ್ಚಲನ್ನು ಹಂಚಿಕೊಂಡಿರುವ ಕೋಣೆಯಲ್ಲಿ, ಅದರಲ್ಲಿಯೂ ನಲ್ಲಿಯ ನೀರಿಗಾಗಿ ದಿನಗಟ್ಟಲೆ ಕಾದ ಅನುಭವವುಳ್ಳ ಸಂಭಾಜಿನಗರದಂಥ ಊರಿನಲ್ಲಿ, ಒಂದು ಗಂಟೆ ಮೈ ತೊಳೆಯುತ್ತ ಕುಳಿತವನಿಗೆ ಎಷ್ಟು ದಿನ ಜಾಗವಿದ್ದೀತು? ಮೊದಲು ನಗೆ, ಬಳಿಕ ಜಗಳ, ಆಮೇಲೆ ‘ಮೆಂಟಲ್’ ಎಂಬ ಅಡ್ಡಹೆಸರು, ಕೊನೆಗೆ ಲೆಕ್ಕ ತೀರಿಸಿ ಊರಿನ ಬಸ್ಸು ಹತ್ತಿಸುವುದು. ಊರಿನಲ್ಲಿ ಅವನ ಹಣಕ್ಕಾಗಿ ಕಾದಿರುವ ತಾಯಿಗೆ, ಮಗನು ಸೋಮಾರಿಯಾಗಿ ಕೆಲಸ ಕಳೆದುಕೊಂಡನೆಂಬ ಸುದ್ದಿ ಮುಟ್ಟುತ್ತದೆ. ರೋಗವೆಂಬ ಮಾತು ಯಾರ ಬಾಯಲ್ಲಿಯೂ ಬರುವುದಿಲ್ಲ.

ಭಾಷೆಯೂ ಒಂದು ಔಷಧ

ಚಿಕಿತ್ಸೆ ಇಲ್ಲವೆಂದಲ್ಲ. ಮಹಾರಾಷ್ಟ್ರದ ಹಳೆಯ ಪ್ರಾದೇಶಿಕ ಮಾನಸಿಕ ಆಸ್ಪತ್ರೆಗಳು ಪುಣೆ, ಠಾಣೆ, ನಾಗಪುರ, ರತ್ನಾಗಿರಿಗಳಲ್ಲಿರುವುದು ನಿಜ. ಆದರೆ ಗೀಳುರೋಗಕ್ಕೆ ಅಂಥ ದೊಡ್ಡ ಆಸ್ಪತ್ರೆಯನ್ನು ಸೇರಬೇಕಾದ ಪ್ರಸಂಗ ಬರುವುದು ಕೆಲವರಿಗೆ ಮಾತ್ರ. ಸಂಭಾಜಿನಗರದಲ್ಲಿ ಜನರು ‘ಘಾಟಿ’ ಎಂದು ಕರೆಯುವ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಆ ಕಾಲೇಜು 1956ರಿಂದ ನಡೆದು ಬಂದಿದೆ. ನಾಸಿಕದಲ್ಲಿ 1998ರಿಂದ ರಾಜ್ಯದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯವೇ ಇದೆ, ಜಿಲ್ಲಾ ಆಸ್ಪತ್ರೆಯಿದೆ, ಖಾಸಗಿ ಮನೋವೈದ್ಯರೂ ಇದ್ದಾರೆ.

ಔಷಧದ ಮಟ್ಟಿಗೆ ಭಾಷೆಯ ತೊಡಕಿಲ್ಲ. ಫ್ಲುಒಕ್ಸೆಟಿನ್, ಸರ್ಟ್ರಾಲಿನ್, ಫ್ಲುವೊಕ್ಸಮಿನ್ ಮೊದಲಾದ ಮಾತ್ರೆಗಳು ಎಲ್ಲೆಡೆ ದೊರೆಯುತ್ತವೆ. ಇವು ಅಮಲು ಪದಾರ್ಥಗಳಲ್ಲ, ಚಟ ಹಿಡಿಸುವಂಥವೂ ಅಲ್ಲ. ಆದರೆ ತಲೆನೋವಿನ ಗುಳಿಗೆಯಂತೆ ಅಂದೇ ಫಲ ಕೊಡುವಂಥವಲ್ಲ. ಹತ್ತು ಹನ್ನೆರಡು ವಾರ ಕಾಯಬೇಕು, ಪ್ರಮಾಣವೂ ಸಾಮಾನ್ಯವಾಗಿ ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚು ಬೇಕಾಗುತ್ತದೆ, ಗುಣ ಕಂಡ ಮೇಲೆಯೂ ಒಂದೆರಡು ವರ್ಷ ಮುಂದುವರಿಸಬೇಕು. ನಮ್ಮವರು ಹದಿನೈದು ದಿನ ನುಂಗಿ, ಏನೂ ಆಗಲಿಲ್ಲವೆಂದು ಬಿಟ್ಟುಬಿಡುವುದರಿಂದಲೇ ಎಷ್ಟೋ ಚಿಕಿತ್ಸೆಗಳು ಕೆಡುತ್ತವೆ. ಮೊದಲ ಔಷಧದಿಂದಲೇ ಎಲ್ಲರಿಗೂ ಗುಣವಾಗುವುದೆಂದು ಹೇಳುವುದು ಸುಳ್ಳಾದೀತು. ಸರಿಸುಮಾರು ಅರ್ಧದಷ್ಟು ಮಂದಿಗೆ ಚೆನ್ನಾದ ಫಲ ಸಿಗುತ್ತದೆ, ಉಳಿದವರಿಗೆ ಔಷಧವನ್ನು ಬದಲಿಸಬೇಕು, ಮಾತಿನ ಚಿಕಿತ್ಸೆಯನ್ನು ಕೂಡಿಸಬೇಕು.

ಈ ಮಾತಿನ ಚಿಕಿತ್ಸೆಯಲ್ಲಿಯೇ ಭಾಷೆಯ ಪ್ರಶ್ನೆ ಬರುವುದು. ಗಿರಾಕಿಯೊಡನೆ ಆಡುವಷ್ಟು ಮರಾಠಿ ನಮ್ಮ ಹುಡುಗನಿಗೆ ಆರು ತಿಂಗಳಲ್ಲಿ ಬರುತ್ತದೆ. ಇಡ್ಲಿ ಎಷ್ಟು ಪ್ಲೇಟು, ಬಿಲ್ಲು ಎಷ್ಟು ರೂಪಾಯಿ ಎನ್ನಲು ಅದು ಧಾರಾಳ. ಆದರೆ ದೇವರ ಪಟದ ಮುಂದೆ ತನ್ನ ಮನಸ್ಸಿನಲ್ಲಿ ಎದ್ದ ಮಾತೇನೆಂದು, ತಾಯಿಯ ಮುಂದೆಯೂ ಹೇಳಲಾಗದ್ದನ್ನು, ಆ ಭಾಷೆಯಲ್ಲಿ ಅವನು ಹೇಗೆ ಹೇಳಿಯಾನು? ಹೇಳಿದರೂ, ಹೆದರಿಕೆಯ ನೂರು ಬಣ್ಣಗಳಿಗೆ ಅವನಲ್ಲಿ ಪದಗಳೆಲ್ಲಿ? ಕಾಲು ಮುರಿದವನ ಎಕ್ಸ್-ರೇಗೆ ಭಾಷೆ ಬೇಡ. ಗೀಳುರೋಗಿಯ ಮಾತೇ ಅವನ ಎಕ್ಸ್-ರೇ. ಈ ಕಾರಣದಿಂದ ಹೊರನಾಡ ಕನ್ನಡಿಗನಿಗೆ ಕನ್ನಡವು ಬರಿಯ ಅಭಿಮಾನದ ವಸ್ತುವಲ್ಲ, ಚಿಕಿತ್ಸೆಯ ಉಪಕರಣವೆಂದೇ ನಮ್ಮ ಅಭಿಮತ.

ಆಗತಕ್ಕ ಕಾರ್ಯಗಳು

ಹೋಟೆಲು ಯಜಮಾನರಲ್ಲಿ ನಮ್ಮ ಮೊದಲ ಬಿನ್ನಹ. ನಿಮ್ಮಲ್ಲಿ ಅನೇಕರು ಎಳವೆಯಲ್ಲಿ ಊರು ಬಿಟ್ಟು ಬಂದು, ಲೋಟ ತೊಳೆದು, ಮೇಲೆ ಬಂದವರು. ಕೆಲಸದ ಹುಡುಗನೊಬ್ಬನು ಹೊತ್ತುಗಟ್ಟಲೆ ತೊಳೆಯುತ್ತಿದ್ದರೆ, ಬಾಗಿಲ ಚಿಲಕವನ್ನು ಹತ್ತು ಸಲ ಅಲುಗಿಸುತ್ತಿದ್ದರೆ, ಅವನನ್ನು ಊರಿಗೆ ಅಟ್ಟುವ ಮೊದಲು ಒಮ್ಮೆ ವೈದ್ಯರಲ್ಲಿಗೆ ಕಳುಹಿಸಿರಿ. ಮೂರು ತಿಂಗಳ ಕಾಲ ಆಗಾಗ ಅರ್ಧ ದಿನದ ರಜೆಯನ್ನು ಕೊಡಿರಿ. ನುರಿತ ಕೆಲಸಗಾರನನ್ನು ಉಳಿಸಿಕೊಳ್ಳುವುದು ಹೊಸಬನನ್ನು ತರಿಸಿ ತಿದ್ದುವುದಕ್ಕಿಂತ ಲಾಭದಾಯಕವೆಂಬುದನ್ನು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಸರಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬನ ಹಕ್ಕೆಂದು ಸಾರಿದೆ. ವಿಮೆಯಲ್ಲಿಯೂ ಮನೋರೋಗವನ್ನು ದೇಹದ ರೋಗದಂತೆಯೇ ಕಾಣತಕ್ಕದ್ದೆಂದು ವಿಧಿಸಿದೆ.

ಕೋಣೆಯ ಗೆಳೆಯರಿಗೆ ಎರಡನೆಯ ಮಾತು. ರೋಗಿಯನ್ನು ಗೇಲಿ ಮಾಡುವುದು ಎಷ್ಟು ತಪ್ಪೋ, ಅವನ ಗೀಳಿಗೆ ಒತ್ತಾಸೆಯಾಗುವುದೂ ಅಷ್ಟೇ ತಪ್ಪು. ‘ಬೀಗ ಹಾಕಿದೆಯೋ, ನೀನೇ ಹೇಳು’ ಎಂದು ಅವನು ಇಪ್ಪತ್ತು ಸಲ ಕೇಳಿದರೆ ಇಪ್ಪತ್ತು ಸಲವೂ ‘ಹಾಕಿದೆ’ ಎನ್ನುವುದು ಕರುಣೆಯಂತೆ ಕಂಡರೂ ರೋಗಕ್ಕೆ ಉಣಬಡಿಸಿದಂತೆ. ಅವನಿಗೆ ಬೇಕಾದುದು ಉತ್ತರವಲ್ಲ, ಜೊತೆಗಾರ. ‘ನಾಳೆ ನನಗೆ ರಜೆ, ಆಸ್ಪತ್ರೆಗೆ ನಾನೂ ಬರುತ್ತೇನೆ ಮಾರಾಯ’ ಎಂಬ ಒಂದು ಮಾತು ಸಾಕು.

ಮೂರನೆಯದು ನಮ್ಮ ಕನ್ನಡ ಸಂಘಗಳ ಕರ್ತವ್ಯ. ವರ್ಷಕ್ಕೊಂದು ಯಕ್ಷಗಾನ, ಒಂದು ಸನ್ಮಾನ, ಒಂದು ಊಟ, ಇಷ್ಟಕ್ಕೆ ಸಂಘದ ಕೆಲಸ ತೀರಿತೆಂದು ಭಾವಿಸಲಾಗದು. ಊರಿನಲ್ಲಿ ಕನ್ನಡ ಬಲ್ಲ ವೈದ್ಯರು, ಆಪ್ತಸಲಹೆಗಾರರು ಯಾರಿದ್ದಾರೆಂಬ ಪಟ್ಟಿಯೊಂದನ್ನು ಸಂಘವು ಇಟ್ಟುಕೊಳ್ಳಲಿ. ಯಾರೂ ಇಲ್ಲದಿದ್ದರೆ, ಗುಟ್ಟನ್ನು ಕಾಯಬಲ್ಲ ಪ್ರೌಢ ಸದಸ್ಯರೊಬ್ಬರು ದುಭಾಷಿಗಳಾಗಿ ಆಸ್ಪತ್ರೆಗೆ ಹೋಗಲಿ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರವು ಆರಂಭಿಸಿದ ‘ಟೆಲಿ ಮಾನಸ್’ ಸೇವೆಗೆ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ಶುಲ್ಕವಿಲ್ಲ, ಭಾಷೆಯನ್ನು ಆರಿಸಿಕೊಳ್ಳುವ ಏರ್ಪಾಡಿದೆ. ಈ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಿಸಿ ಪ್ರತಿಯೊಂದು ಹೋಟೆಲಿನ ನೌಕರರ ಕೋಣೆಯಲ್ಲಿ ತೂಗುಹಾಕಲು ಎಷ್ಟು ಖರ್ಚಾದೀತು?

ನಾಲ್ಕನೆಯದು ಬೆಂಗಳೂರಿನವರಲ್ಲಿ ನಿವೇದನೆ. ನಾಸಿಕದಿಂದ ನಿಮ್ಹಾನ್ಸಿಗೆ ಸುಮಾರು ಸಾವಿರ ಕಿಲೋಮೀಟರು. ದಿನಗೂಲಿಯವನು ವಾರವಾರವೂ ಅಲ್ಲಿಗೆ ಬಂದು ಹೋಗುವುದು ಅಸಾಧ್ಯ. 2020ರ ಮಾರ್ಚಿನಲ್ಲಿ ಪ್ರಕಟವಾದ ದೂರವೈದ್ಯ ನಿಯಮಗಳ ಅನ್ವಯ ವೈದ್ಯರು ದೂರದ ರೋಗಿಗಳನ್ನು ವಿಡಿಯೋ ಮೂಲಕ ನೋಡಲು ಅವಕಾಶವುಂಟು. ಹೊರನಾಡ ಕನ್ನಡಿಗರಿಗಾಗಿ ಕನ್ನಡದಲ್ಲಿಯೇ ಮಾತಿನ ಚಿಕಿತ್ಸೆಯನ್ನು ಈ ಮಾರ್ಗದಿಂದ ಕ್ರಮಬದ್ಧವಾಗಿ ಒದಗಿಸಲು ಕರ್ನಾಟಕ ಸರಕಾರವು ನೆರವಾಗಬೇಕು. ಸಂಘಗಳಿಗೆ ಭವನ ಕಟ್ಟಲು ಅನುದಾನವನ್ನು ಕೇಳುವ ನಾವು ಇದನ್ನೂ ಕೇಳಬೇಕು.

ಕಡೆಯ ಮಾತು ನಮ್ಮ ಮಕ್ಕಳಿಗೆ. ಹೋಟೆಲು ನೌಕರರ, ಗುಮಾಸ್ತರ ಮಕ್ಕಳು ಇಂದು ವೈದ್ಯಕೀಯ ಕಾಲೇಜುಗಳನ್ನು ಸೇರುತ್ತಿದ್ದಾರೆ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು ಅವರಿಗೆ ಸಹಜವಾಗಿ ಒಲಿದಿವೆ. ಮುಂದೇನು ಎಂಬ ಪ್ರಶ್ನೆ ಬಂದಾಗ ಮನೋವೈದ್ಯವನ್ನು ಆರಿಸಿಕೊಂಡರೆ ಮನೆಯವರೇ ಮೂಗು ಮುರಿಯುವ ರೂಢಿ ಇನ್ನೂ ಹೋಗಿಲ್ಲ. ಹಣವೂ ಕೀರ್ತಿಯೂ ಬೇರೆ ವಿಭಾಗಗಳಲ್ಲಿ ಬೇಗ ಬರುವುದು ನಿಜವಿರಬಹುದು. ಆದರೆ ಒಂದೇ ರೋಗವನ್ನು ತಾಳ್ಮೆಯಿಂದ ಅಭ್ಯಸಿಸಿದ ಕೆಲವೇ ವೈದ್ಯರು ಬೆಂಗಳೂರಿನಲ್ಲಿ ಎಷ್ಟು ಕತ್ತಲೆಯನ್ನು ಕಳೆದಿದ್ದಾರೆಂಬುದನ್ನು ಮೇಲೆ ಕಂಡೆವು. ಮೂರು ಭಾಷೆಗಳನ್ನು ಬಲ್ಲ ಒಬ್ಬ ಮನೋವೈದ್ಯನು ನಾಸಿಕದಲ್ಲಿ, ಒಬ್ಬಳು ಸಂಭಾಜಿನಗರದಲ್ಲಿ ನೆಲೆ ನಿಂತರೆ, ಕನ್ನಡಿಗರಿಗೆ ಮಾತ್ರವಲ್ಲ, ಅನ್ನವಿಕ್ಕಿದ ಈ ನಾಡಿನ ಮರಾಠಿ ಬಂಧುಗಳಿಗೂ ನಾವು ಸಲ್ಲಿಸಬೇಕಾದ ಋಣದಲ್ಲಿ ಒಂದಂಶ ಸಂದಂತಾಗುವುದು. ಅಂಥ ಮಗನನ್ನೋ ಮಗಳನ್ನೋ ಹರಸಿ ಕಳುಹಿಸುವ ಮನೆಗಳು ನಮ್ಮಲ್ಲಿ ಹೆಚ್ಚಲಿ. ಅಲ್ಲಿಯವರೆಗೆ, ಬಚ್ಚಲಿನ ಬಾಗಿಲ ಹಿಂದೆ ಒಬ್ಬನೇ ಅಳುತ್ತಿರುವ ಹುಡುಗನ ಬಾಗಿಲನ್ನು ತಟ್ಟಿ ‘ಏನಾಯಿತು ತಮ್ಮಾ?’ ಎಂದು ಕೇಳುವ ಹೊಣೆ ನಮ್ಮೆಲ್ಲರದು.